ಹಳೆಯ ವಾಲ್ವ್ ಪೆಟ್ಟಿಗೆಯ ಮೋಹ

ನಮ್ಮ ವಾಚನಾಲಯದ ಮೇಜಿನ ಮೇಲೆ ಪ್ರಶ್ನೆಗಳನ್ನು ಬರೆದಿಡಲು ಒಂದು ನೋಟುಪುಸ್ತಕ ಉಂಟೆಂಬುದು ವಾಚಕ ಮಿತ್ರರಿಗೆಲ್ಲ ತಿಳಿದದ್ದೇ. ಭವಿಷ್ಯನಿಧಿ, ಪಡಿತರ ಚೀಟಿ, ಮಕ್ಕಳ ವರ್ಗಾವಣೆ ಪತ್ರ, ಊರಿಗೆ ಹೋಗುವ ರೈಲು, ಇಂಥವೇ ಅದರಲ್ಲಿ ಹೆಚ್ಚು. ಕಳೆದ ತಿಂಗಳು ಅದರಲ್ಲಿ ಬೇರೊಂದು ಬಗೆಯ ಪ್ರಶ್ನೆ ಕಾಣಿಸಿಕೊಂಡಿತು. ಬರೆದಾತ ವೈಟ್ಟಿಲದ ಬಸ್ ನಿಲ್ದಾಣದ ಹತ್ತಿರ ಹೋಟೆಲೊಂದರಲ್ಲಿ ಕ್ಯಾಷಿಯರ್ ಆಗಿರುವ ಪುತ್ತೂರಿನ ಕಡೆಯ ತರುಣ. ಬಿಡುವಿನ ದಿನ ಮದುವೆ ಮುಂಜಿಗಳ ವಾದ್ಯತಂಡದಲ್ಲಿ ಗಿಟಾರ್ ನುಡಿಸುತ್ತಾನೆ.

ಅವನ ಬಳಿ ಹಳೆಯ ವಾಲ್ವ್ ಆಂಪ್ಲಿಫೈಯರ್ ಒಂದಿದೆ. ಕೈನಡುಕ ಬಂದು ನುಡಿಸುವುದನ್ನು ಬಿಟ್ಟ ಫೋರ್ಟ್ ಕೊಚ್ಚಿಯ ಮುದುಕರೊಬ್ಬರಿಂದ ಕಂತಿನ ಮೇಲೆ ಕೊಂಡದ್ದು. "ಗುಜರಿಗೆ ಮಾತ್ರ ಹಾಕಬೇಡ" ಎಂದು ಅವರು ಮಾತು ತೆಗೆದುಕೊಂಡಿದ್ದರಂತೆ. ಈಗ ಅದರ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ. ಎರ್ನಾಕುಳಂನ ಒಂದು ಅಂಗಡಿಯವರು ಮುಚ್ಚಳವನ್ನೂ ಬಿಚ್ಚದೆ "ಎಸೆದುಬಿಡಿ, ಹೊಸದು ಕೊಳ್ಳಿ" ಎಂದರು. ಜೊತೆಗಾರರು ನಕ್ಕರು. ಆದ್ದರಿಂದ ನೋಟುಪುಸ್ತಕದಲ್ಲಿ ಅವನು ಕೇಳಿದ್ದು ಇಷ್ಟು: "ನಿಂತುಹೋದ ಯಂತ್ರಕ್ಕೆ ಹೀಗೆ ಅಂಟಿಕೊಳ್ಳುವುದು ಹುಚ್ಚೇ? ಅಥವಾ ಅದರಲ್ಲಿ ಏನಾದರೂ ಹುರುಳಿದೆಯೇ?"

ನಾವು ಮೆಟ್ರಿಕ್ ಓದಿ ಗಿರಣಿಯ ಲೆಕ್ಕದ ಮೇಜಿಗೆ ಕೂತವರು. ವಿದ್ಯುತ್ ಶಾಸ್ತ್ರದಲ್ಲಿ ಪಂಡಿತರಲ್ಲ. ಆದರೂ ಓದಿ ಕೇಳಿ ತಿಳಿದಷ್ಟನ್ನು ವಾಚಕರ ಮುಂದಿಡುತ್ತೇವೆ. ಗಿಟಾರ್ ಮುಟ್ಟದವರಿಗೂ ಇದರಲ್ಲಿ ಒಂದೆರಡು ಸಂಗತಿ ಸಿಕ್ಕೀತು.

ಮೊದಲು ವಾಲ್ವ್ ಎಂದರೇನೆಂಬುದನ್ನು ನೋಡೋಣ. ಗಾಳಿ ತೆಗೆದ ಗಾಜಿನ ಬುರುಡೆ ಅದು. ಒಳಗೆ ಒಂದು ಲೋಹದ ಕೊಳವೆ ಕಾದು ಕೆಂಪಾಗುತ್ತದೆ. ಕಾದ ಲೋಹದಿಂದ ಎಲೆಕ್ಟ್ರಾನುಗಳೆಂಬ ವಿದ್ಯುತ್ ಕಣಗಳು ಹೊರಟು ಎದುರಿನ ತಗಡಿನತ್ತ ಹರಿಯುತ್ತವೆ. ಇಂಥ ಬುರುಡೆಯನ್ನು 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಎಂಬವರು ಮಾಡಿದರು. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ನಡುವೆ ಇನ್ನೊಂದು ತಂತಿಯ ಜಾಲರಿಯನ್ನು ಇಟ್ಟರು. ಈ ಜಾಲರಿಯೇ ಎಲ್ಲದರ ಕೀಲು. ಕೆರೆಯ ತೂಬಿನ ಬಾಗಿಲನ್ನು ಒಬ್ಬ ನೀರಗಂಟಿ ಒಂದು ಗೇಣು ಎತ್ತಿದರೆ ಇಡೀ ಬಯಲಿಗೆ ನೀರು ಹರಿಯುವುದಿಲ್ಲವೇ? ಹಾಗೆಯೇ ಗಿಟಾರ್ ತಂತಿಯಿಂದ ಬಂದ ಅತಿ ಸಣ್ಣ ವಿದ್ಯುತ್ತು ಈ ಜಾಲರಿಯನ್ನು ಅಲುಗಿಸಿದರೆ, ತಗಡಿನತ್ತ ಹರಿಯುವ ದೊಡ್ಡ ಪ್ರವಾಹ ಅದರ ತಾಳಕ್ಕೆ ಏರಿಳಿಯುತ್ತದೆ. ಸಣ್ಣದು ದೊಡ್ಡದಾಯಿತು. ಆಂಪ್ಲಿಫೈಯರ್ ಎಂದರೆ ಇದೇ.

ಕನ್ನಡಿಗರಿಗೂ ಈ ಬುರುಡೆಗೂ ಹಳೆಯ ನಂಟು. 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ 'ಆಕಾಶವಾಣಿ'ಯನ್ನು ಆರಂಭಿಸಿದ್ದು ಕೇವಲ 30 ವ್ಯಾಟಿನ ವಾಲ್ವ್ ಪ್ರಸಾರ ಯಂತ್ರದಿಂದ. ಮನೆಯಲ್ಲಿ ಹಳೆಯ ರೇಡಿಯೋ ಇದ್ದವರಿಗೆ ನೆನಪಿದ್ದೀತು: ಗುಂಡಿ ತಿರುಗಿಸಿದೊಡನೆ ಹಾಡು ಬರುತ್ತಿರಲಿಲ್ಲ. ವಾಲ್ವು ಕಾಯಬೇಕು; ಅಷ್ಟರಲ್ಲಿ ಅಜ್ಜ ಬಂದು ಕುರ್ಚಿಯಲ್ಲಿ ಕೂತುಬಿಡುತ್ತಿದ್ದರು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಯಾವ ಆಂಪ್ಲಿಫೈಯರಿಗೂ ಒಂದು ಮಿತಿ ಉಂಟು. ಅದಕ್ಕಿಂತ ಹೆಚ್ಚು ಕೇಳಿದರೆ ಅದು ಕೊಡಲಾರದು. ಶಬ್ದದ ಅಲೆಯ ತಲೆ ಮೊಟಕಾಗುತ್ತದೆ. ಸಾಧಾರಣ ಟ್ರಾನ್ಸಿಸ್ಟರ್ ಯಂತ್ರದಲ್ಲಿ ಕತ್ತಿಯಿಂದ ಕಡಿದಂತೆ ಥಟ್ಟನೆ ಮೊಟಕಾಗುತ್ತದೆ. ಕಿವಿಗೆ ಅದು ಕರ್ಕಶ. ವಾಲ್ವಿನಲ್ಲಾದರೋ ಅಲೆ ಮಿತಿಯ ಹತ್ತಿರ ಬಂದಂತೆ ಮೆಲ್ಲಮೆಲ್ಲನೆ ಬಾಗಿ, ಅಂಚು ದುಂಡಗಾಗಿ ಮೊಟಕಾಗುತ್ತದೆ. ಹೀಗಾದಾಗ ಮೂಲ ಸ್ವರದ ಜೊತೆಗೆ ಅದರ ಮೇಲಿನ ಸ್ವರಗಳೂ ಹುಟ್ಟುತ್ತವೆ. ಗಿಟಾರಿನ ಒಂದು ತಂತಿ ಸೆಕೆಂಡಿಗೆ 110 ಸಲ ಕಂಪಿಸಿದರೆ ಅದರೊಡನೆ 220, 330, 440ರ ಕಂಪನಗಳೂ ಬಲಗೊಂಡು ಕೇಳಿಸುತ್ತವೆ. ನಾದ ತುಂಬಿಕೊಳ್ಳುತ್ತದೆ, ಕೊಂಚ ಗಂಟಲು ಕಟ್ಟಿದಂತೆಯೂ ಆಗುತ್ತದೆ.

ಇದು ದೋಷವೇ ಎಂದು ಕೇಳಿದರೆ, ಎಂಜಿನಿಯರರ ಲೆಕ್ಕದಲ್ಲಿ ದೋಷವೇ ಸರಿ. ಆದರೆ ನಮ್ಮ ತಂಬೂರಿಯನ್ನು ನೆನೆಯಿರಿ. ಅದರ ಕುದುರೆಯ ಮೇಲೆ, ತಂತಿಯ ಕೆಳಗೆ ಒಂದು ನೂಲಿನ ಎಳೆಯನ್ನು ಸರಿಸಿ ಸರಿಸಿ ಇಡುತ್ತಾರೆ. ಎಳೆ ಸರಿಯಾದ ಜಾಗದಲ್ಲಿ ಕೂತಾಗ ತಂತಿ ಝೇಂಕರಿಸತೊಡಗುತ್ತದೆ. ಶುದ್ಧ ತಂತಿಯ ಕಂಪನಕ್ಕೆ ನೂಲಿನಿಂದ ಅಡ್ಡಿಯಾಯಿತು. ಆ ಅಡ್ಡಿಯಿಂದಲೇ ಮೇಲಿನ ಸ್ವರಗಳು ಎದ್ದವು. ತಂಬೂರಿಗೆ ಜೀವ ಬಂತು. ನೂಲನ್ನು ತೆಗೆದು "ಈಗ ಶುದ್ಧವಾಯಿತು" ಎಂದರೆ ಯಾವ ಭಾಗವತರು ಒಪ್ಪುತ್ತಾರೆ? ಗಿಟಾರಿನವರ ಪಾಲಿಗೆ ವಾಲ್ವು ಈ ನೂಲಿನ ಎಳೆ.

ಇನ್ನೊಂದು ಗುಣವೂ ಇದೆ. ಮೆಲ್ಲನೆ ಮೀಟಿದರೆ ವಾಲ್ವ್ ಯಂತ್ರ ತಿಳಿಯಾಗಿ ನುಡಿಯುತ್ತದೆ. ಬಿರುಸಾಗಿ ಮೀಟಿದರೆ ಒರಟಾಗುತ್ತದೆ. ಯಂತ್ರದ ಗುಂಡಿ ತಿರುಗಿಸಬೇಕಾಗಿಲ್ಲ, ಬೆರಳೇ ಸಾಕು. ಹಲವು ಹಳೆಯ ಯಂತ್ರಗಳಲ್ಲಿ, ಜೋರಾಗಿ ಮೀಟಿದ ಕ್ಷಣ ಒಳಗಿನ ವಿದ್ಯುತ್ ಒತ್ತಡ ಸ್ವಲ್ಪ ಕುಸಿದು ಮತ್ತೆ ಚೇತರಿಸಿಕೊಳ್ಳುತ್ತದೆ. ಎಲ್ಲರೂ ಒಟ್ಟಿಗೆ ನಲ್ಲಿ ತಿರುಗಿಸಿದಾಗ ಮೇಲಿನ ಟ್ಯಾಂಕಿನ ನೀರು ಸಣ್ಣಗಾಗುವಂತೆ. ಇದರಿಂದ ಸ್ವರ ಮೊದಲು ಅದುಮಿದಂತಾಗಿ ಆಮೇಲೆ ಅರಳುತ್ತದೆ. ನುಡಿಸುವವನ ಕೈ ಇದಕ್ಕೆ ಹೊಂದಿಕೊಂಡುಬಿಡುತ್ತದೆ. ಆದುದರಿಂದ ಅಂಥ ಪೆಟ್ಟಿಗೆಯನ್ನು ಕಳೆದುಕೊಂಡವನು ಅರ್ಧ ವಾದ್ಯವನ್ನೇ ಕಳೆದುಕೊಂಡಂತೆ. ನಮ್ಮ ತರುಣನ ಪ್ರಶ್ನೆಗೆ ಉತ್ತರದ ತಿರುಳು ಇದೇ.

ಈ ಮೋಹ ಎಷ್ಟು ಗಟ್ಟಿಯೆಂಬುದಕ್ಕೆ ಒಂದು ಪ್ರಸಿದ್ಧ ಕಥೆ ಉಂಟು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಿಯೋ ಫೆಂಡರ್ ಎಂಬ ರೇಡಿಯೋ ರಿಪೇರಿಯವರು ಇದ್ದರು. ಅವರಿಗೆ ಸ್ವತಃ ಗಿಟಾರ್ ನುಡಿಸಲು ಬಾರದು. 1952ರಲ್ಲಿ ಅವರು ಬೇಸ್ ಗಿಟಾರಿಗಾಗಿ 'ಬೇಸ್‌ಮನ್' ಎಂಬ ಆಂಪ್ಲಿಫೈಯರನ್ನು ಹೊರತಂದರು. ಸುಧಾರಿಸುತ್ತ ಸುಧಾರಿಸುತ್ತ 1955ರ ಹೊತ್ತಿಗೆ ಅದು ನಾಲ್ಕು ಹತ್ತಿಂಚಿನ ಸ್ಪೀಕರುಗಳ ಪೆಟ್ಟಿಗೆಯಾಯಿತು. ಹೊರಹೊದಿಕೆಯನ್ನು ಎಲ್ಲರೂ 'ಟ್ವೀಡ್' ಎನ್ನುತ್ತಾರೆ. ನಿಜಕ್ಕೂ ಅದು ಹತ್ತಿಯ ಟ್ವಿಲ್ ನೇಯ್ಗೆ. ಗಿರಣಿಯವರಾದ ನಾವು ಇದನ್ನು ಹೇಳದೆ ಬಿಡಲಾರೆವು! ಮಾಡಿದ್ದು ಬೇಸಿಗೆ, ಆದರೆ ಸಾಮಾನ್ಯ ಗಿಟಾರಿನವರೇ ಅದನ್ನು ಎತ್ತಿಕೊಂಡರು. ಗುಂಡಿಯನ್ನು ಪೂರ್ತಿ ತಿರುಗಿಸಿದಾಗ ಬರುವ ಒರಟು ಮಾಧುರ್ಯ ಅವರಿಗೆ ಬೇಕಿತ್ತು. ಫೆಂಡರ್ ಕಂಪೆನಿಯಾದರೋ ಇನ್ನೂ ಶುದ್ಧವಾದ ಶಬ್ದವನ್ನು ಹುಡುಕುತ್ತಿತ್ತು. 1960ರ ಸುಮಾರಿಗೆ ಈ ಮಾದರಿ ನಿಂತಿತು.

ಅತ್ತ ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಜಿಮ್ ಮಾರ್ಷಲ್ ಎಂಬ ಡ್ರಮ್ ವಾದಕರ ಸಂಗೀತದ ಅಂಗಡಿ. ಅಮೆರಿಕದ ಯಂತ್ರ ಅಲ್ಲಿ ಬಲು ತುಟ್ಟಿ. ಗಿರಾಕಿಗಳಾದ ಹುಡುಗರ ಒತ್ತಾಯಕ್ಕೆ ಮಾರ್ಷಲ್‌ರು ಕೆನ್ ಬ್ರಾನ್, ಡಡ್ಲಿ ಕ್ರೇವನ್ ಎಂಬ ಇಬ್ಬರು ಕುಶಲಿಗಳೊಡನೆ ಬೇಸ್‌ಮನ್ ನಕ್ಷೆಯನ್ನೇ ಹಿಡಿದು 1962ರಲ್ಲಿ ತಮ್ಮದೊಂದು ಯಂತ್ರ ಮಾಡಿದರು. ಆದರೆ ಅಮೆರಿಕದ ಬಿಡಿಭಾಗಗಳು ಅಲ್ಲಿ ಸಿಗಬೇಕಲ್ಲ? ಟ್ರಾನ್ಸ್‌ಫಾರ್ಮರ್ ಇಂಗ್ಲೆಂಡಿನದು, ಸ್ಪೀಕರು ಹನ್ನೆರಡಿಂಚಿನದು, ಹಿಂಬದಿ ಮುಚ್ಚಿದ ಪೆಟ್ಟಿಗೆ. ನಕ್ಷೆ ಅದೇ, ದನಿ ಬೇರೆ. ಊರಿನ ದೋಸೆಯನ್ನು ಇಲ್ಲಿಯ ಅಕ್ಕಿಯಲ್ಲಿ ಹುಯ್ದಾಗ ಏನಾಗುತ್ತದೆಂದು ನಮ್ಮಲ್ಲಿ ಯಾರಿಗೆ ತಿಳಿಯದು? ಊರಿನದ್ದು ಬರುವುದಿಲ್ಲ; ಆದರೆ ಬಂದದ್ದಕ್ಕೂ ಒಂದು ರುಚಿ ಇರುತ್ತದೆ. ಆ ರುಚಿಯೇ 'ಮಾರ್ಷಲ್' ಎಂದು ಲೋಕಪ್ರಸಿದ್ಧವಾಯಿತು. ಮೂಲದವರೂ ಕೊನೆಗೆ ಬೇಡಿಕೆಗೆ ಮಣಿದರು. 1990ರಲ್ಲಿ ಫೆಂಡರ್ ಕಂಪೆನಿ 1959ರ ಬೇಸ್‌ಮನ್ನನ್ನು ಮತ್ತೆ ತಯಾರಿಸಿ ಮಾರತೊಡಗಿತು.

ಹಾಗಾದರೆ ವಾಲ್ವುಗಳು ಮೂಲೆಗೆ ಬಿದ್ದದ್ದೇಕೆ? 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಅದಕ್ಕೆ ಕಾಯುವ ಕೆಲಸವಿಲ್ಲ, ಗಾಜು ಒಡೆಯುವ ಭಯವಿಲ್ಲ, ವಿದ್ಯುತ್ತೂ ಕಡಿಮೆ. ನಮ್ಮ ಬೆಂಗಳೂರಿನಲ್ಲೇ ಈ ಬದಲಾವಣೆಯನ್ನು ಕಾಣಬಹುದು. 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವುಗಳನ್ನು ಮಾಡತೊಡಗಿತು. ಮರುವರ್ಷವೇ, 1962ರಲ್ಲಿ, ಜರ್ಮೇನಿಯಂ ಟ್ರಾನ್ಸಿಸ್ಟರಿನ ಕೆಲಸಕ್ಕೂ ಕೈಯಿಟ್ಟಿತು. ಅಣ್ಣ ಹುಟ್ಟಿದ ಮರುವರ್ಷ ಅವನ ಜಾಗಕ್ಕೆ ಬರುವ ತಮ್ಮನೂ ಹುಟ್ಟಿದಂತಾಯಿತು. ಆದರೂ ಆ ಬೆಂಗಳೂರು ವಾಲ್ವುಗಳು ದೇಶದ ಎಷ್ಟೋ ಮನೆಗಳ ರೇಡಿಯೋಗಳಲ್ಲಿ ಬಹುಕಾಲ ಬೆಳಗಿದವು.

ಅವುಗಳಲ್ಲಿ ಒಂದು ಇಎಲ್ 84 ಎಂಬ ಬೆರಳುದ್ದದ ವಾಲ್ವು. ಇಂಗ್ಲೆಂಡಿನ 'ವಾಕ್ಸ್ ಎಸಿ 30' ಎಂಬ, ಬೀಟಲ್ಸ್ ತಂಡದವರು ಬಳಸಿ ಹೆಸರಾದ ಆಂಪ್ಲಿಫೈಯರಿನ ಹೊಟ್ಟೆಯಲ್ಲಿ ಇರುವುದು ಇದೇ ಬಗೆಯ ನಾಲ್ಕು ವಾಲ್ವು. ಬೆಂಗಳೂರಿನ ಇಎಲ್ 84ಗಳನ್ನು ಇಂದಿಗೂ ಹೊರದೇಶಗಳ ಗಿಟಾರಿನವರು ಹುಡುಕಿ ಕೊಳ್ಳುತ್ತಾರೆ. ನಮ್ಮವರು ರೇಡಿಯೋದೊಡನೆ ಗುಜರಿಗೆ ತೂಗಿದ್ದನ್ನು ಅವರು ಹತ್ತಿಯಲ್ಲಿ ಸುತ್ತಿ ಇಡುತ್ತಾರೆ.

ಇಷ್ಟು ಹೇಳಿದ ಮೇಲೆ, ಮೋಹದಲ್ಲಿ ಹುರುಳೆಷ್ಟು, ಹೊಟ್ಟೆಷ್ಟು ಎಂಬುದನ್ನೂ ಹೇಳಬೇಕು. ವಾಲ್ವಿನ ನಾದಕ್ಕೆ ಕಾರಣವುಂಟು, ಅದು ನಿಜ. ಆದರೆ ಹಳೆಯದೆಲ್ಲ ಒಳ್ಳೆಯದೆಂಬುದು ಮೂಢನಂಬಿಕೆ. ಕೆಟ್ಟ ವಾಲ್ವ್ ಯಂತ್ರಗಳೂ ಬೇಕಾದಷ್ಟು ಇದ್ದವು. ಈಗಿನ ಗಣಕ ಬಗೆಯ ಸಣ್ಣ ಪೆಟ್ಟಿಗೆಗಳು ವಾಲ್ವಿನ ದನಿಯನ್ನು ಬಹಳ ಚೆನ್ನಾಗಿ ಅನುಕರಿಸುತ್ತವೆ. ಸಭೆಯ ಹಿಂದಿನ ಸಾಲಿನಲ್ಲಿ ಕೂತವನಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. ತಿಳಿಯುವುದು ಮುಖ್ಯವಾಗಿ ನುಡಿಸುವವನ ಬೆರಳಿಗೆ. ಮೇಲಾಗಿ ಎಸಿ 30ರಂಥ ಪೆಟ್ಟಿಗೆ ಮೂವತ್ತು ಕಿಲೋ ಮೀರಿ ತೂಗುತ್ತದೆ. ಅದನ್ನು ಹೊತ್ತು ವೈಟ್ಟಿಲದಲ್ಲಿ ಸಂಜೆಯ ಬಸ್ಸು ಹತ್ತುವೆನೆಂದರೆ ಕಂಡಕ್ಟರ್ ಏನೆಂದಾನು?

ಹೊಸ ವಾಲ್ವುಗಳನ್ನು ಮಾಡುವ ಕಾರ್ಖಾನೆಗಳೂ ಈಗ ಬೆರಳೆಣಿಕೆಯವು; ರಷ್ಯಾ, ಸ್ಲೊವಾಕಿಯಾ, ಚೀನಾಗಳಲ್ಲಿಯೇ ಹೆಚ್ಚು. 2022ರ ಮಾರ್ಚಿಯಲ್ಲಿ ರಷ್ಯಾ ಹಲವು ಸರಕುಗಳ ರಫ್ತನ್ನು ತಡೆದಾಗ ವಾಲ್ವುಗಳಿಗೂ ಅದು ತಟ್ಟಿ, ದೂರದ ದೇಶಗಳ ಗಿಟಾರ್ ಅಂಗಡಿಗಳಲ್ಲಿ ಗಾಬರಿ ಹುಟ್ಟಿತು. ಎಲ್ಲಿಯದೋ ಯುದ್ಧಕ್ಕೆ ಇನ್ನೆಲ್ಲಿಯದೋ ವಾದ್ಯ ಮೂಕವಾಗುವ ಕಾಲ ಇದು.

ನಮ್ಮ ಕೊಚ್ಚಿಗೂ ಗಿಟಾರಿಗೂ ಇರುವ ನಂಟನ್ನು ಮರೆಯುವಂತಿಲ್ಲ. 1977ರಲ್ಲಿ ಇಲ್ಲಿಯೇ ಹುಟ್ಟಿದ '13 ಎಡಿ' ಎಂಬ ರಾಕ್ ತಂಡ ದೇಶದಲ್ಲೆಲ್ಲ ಹೆಸರಾಯಿತು. 2013ರಲ್ಲಿ ಆರಂಭವಾದ 'ತೈಕ್ಕೂಡಂ ಬ್ರಿಡ್ಜ್' ತಂಡದ ಹೆಸರಿನಲ್ಲಿರುವುದು ನಮ್ಮ ಪಕ್ಕದ ತೈಕ್ಕೂಡವೇ. ವೈಟ್ಟಿಲದಿಂದ ಮೆಟ್ರೋದಲ್ಲಿ ಮುಂದಿನ ನಿಲ್ದಾಣ. ಇಂಥ ಊರಿನಲ್ಲಿ ನಮ್ಮ ಹುಡುಗನೊಬ್ಬ ಗಿಟಾರ್ ಹಿಡಿದರೆ ಸೋಜಿಗವೇನು?

ಅವನಿಗೆ ನಾವು ಹೇಳಿದ್ದು ಇಷ್ಟು: ಮದುವೆ ಕಾರ್ಯಕ್ರಮಗಳಿಗೆ ಹಗುರವಾದ ಯಂತ್ರವನ್ನು ಬಾಡಿಗೆಗೆ ತೆಗೆದುಕೋ. ಹಳೆಯದನ್ನು ಎಸೆಯಬೇಡ; ಆದರೆ ಅದಕ್ಕಾಗಿ ಬಡ್ಡಿಸಾಲ ಮಾಡಬೇಡ, ಊರಿಗೆ ಕಳಿಸುವ ಹಣದಲ್ಲಿ ಕಡಿಮೆ ಮಾಡಬೇಡ. ಮುಖ್ಯವಾಗಿ, ಮುಚ್ಚಳ ತೆಗೆದು ನೀನೇ ಕೈಹಾಕಬೇಡ. ವಾಲ್ವ್ ಯಂತ್ರದೊಳಗೆ ಮುನ್ನೂರು ವೋಲ್ಟಿಗೂ ಮೀರಿದ ಒತ್ತಡ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಕೆಲಕಾಲ ಒಳಗೆ ಉಳಿದಿದ್ದು ಪ್ರಾಣಕ್ಕೆ ಮುಳುವಾಗಬಹುದು. ಸ್ಪೀಕರಿನ ತಂತಿ ಸೇರಿಸದೆ ಅದನ್ನು ಚಾಲೂ ಮಾಡಲೂ ಬಾರದು. ಅದರಿಂದಲೇ ಎಷ್ಟೋ ಟ್ರಾನ್ಸ್‌ಫಾರ್ಮರ್‌ಗಳು ಸುಡುತ್ತವೆ.

ಹಾಗೆಂದಾಗ ಅವನು ತಲೆ ತಗ್ಗಿಸಿದ. ಅವನದು ಸುಟ್ಟದ್ದೂ ಹಾಗೆಯೇ ಅಂತೆ.

ಓವರ್‌ಟೈಮ್ ಮಾಡಿ ಹಣ ಕೂಡಿಸಿದ. ಹಳೆಯ ರೇಡಿಯೋ ಮೇಸ್ತ್ರಿಯೊಬ್ಬರು ಟ್ರಾನ್ಸ್‌ಫಾರ್ಮರನ್ನು ಕೈಯಿಂದಲೇ ಮತ್ತೆ ಸುತ್ತಿಕೊಟ್ಟರು. ಎರಡು ವಾಲ್ವುಗಳಲ್ಲಿ ಒಂದು ಸೋತಿತ್ತು. ಅದಕ್ಕೆ ಜೋಡಿಯಾಗುವುದನ್ನು ಅವನ ಸೋದರಮಾವ ಬೆಂಗಳೂರಿನ ಎಸ್. ಪಿ. ರೋಡಿನಲ್ಲಿ ಎರಡು ದಿನ ಅಲೆದು ತಂದರು. ಗಾಜಿನ ಮೇಲೆ ಮಾಸಿದ ಅಕ್ಷರದಲ್ಲಿ 'ಬಿಇಎಲ್' ಎಂದು ಇತ್ತು.

ಕಳೆದ ಭಾನುವಾರ ಸಂಜೆ ಅವನು ಪೆಟ್ಟಿಗೆಯನ್ನು ಆಟೋದಲ್ಲಿ ವಾಚನಾಲಯಕ್ಕೆ ತಂದ. ಗುಂಡಿ ತಿರುಗಿಸಿದ ಮೇಲೆ ಅರ್ಧ ನಿಮಿಷ ಯಾರೂ ಮಾತಾಡಲಿಲ್ಲ. ಹಿಂಬದಿಯ ಸಂದಿಯಲ್ಲಿ ಎರಡು ಕೆಂಡದ ಚುಕ್ಕೆ ಮೂಡಿದವು. ಆಮೇಲೆ ಅವನು ಒಂದೇ ಒಂದು ತಂತಿಯನ್ನು ಮೀಟಿ ಕೈ ತೆಗೆದ. ಫೋರ್ಟ್ ಕೊಚ್ಚಿಯ ಆ ಮುದುಕರು ಮುಂದಿನ ಬೆಂಚಿನಲ್ಲಿ ಕೂತಿದ್ದರು. ಸ್ವರ ಪೂರ್ತಿ ಅಡಗುವ ತನಕ ಅವರು ತಲೆ ಎತ್ತಲಿಲ್ಲ.

ಕೊನೆಗೆ ವಾಚಕರಲ್ಲಿ ಒಂದು ವಿಜ್ಞಾಪನೆ. ರಜೆಯಲ್ಲಿ ಊರಿಗೆ ಹೋದಾಗ ಅಟ್ಟದ ಮೇಲೆ ಹಳೆಯ ರೇಡಿಯೋ ಕಂಡರೆ, ಗುಜರಿಯವನಿಗೆ ತೂಕಕ್ಕೆ ಕೊಡುವ ಮೊದಲು ತಿಳಿದವರಿಂದ ಅದರ ವಾಲ್ವುಗಳನ್ನು ತೆಗೆಸಿ, ಒಂದೊಂದನ್ನೂ ಕಾಗದದಲ್ಲಿ ಸುತ್ತಿ ತನ್ನಿರಿ. ಗಾಜಿನ ಮೇಲಿನ ಅಕ್ಷರ ಅಳಿಸದಂತೆ ನೋಡಿಕೊಳ್ಳಿರಿ. ನೋಟುಪುಸ್ತಕದಲ್ಲಿ ಬರೆದಿಟ್ಟರೆ ಬೇಕಾದವರಿಗೆ ತಲುಪಿಸುವ ಕೆಲಸ ನಮ್ಮದು.