‘ಡೂ’ ಧಾತುವಿನ ಬಳಗ

ಇಂಗ್ಲಿಷಿನ ‘ಡೂ’ ಧಾತುವಿಗೆ ಇಂದು ‘ಮಾಡು’ ಎಂಬುದೇ ಮುಖ್ಯಾರ್ಥ. ಮೂಲದಲ್ಲಿ ಅದು ‘ಇಡು, ಇರಿಸು’ ಎಂಬ ಅರ್ಥದ ಮಾತು. ಸಂಸ್ಕೃತದ ‘ಧಾ’ ಧಾತುವೂ ಅದೂ ಒಂದೇ ಇಂಡೋ-ಯೂರೋಪಿಯನ್ ಬೇರಿನಿಂದ ಹುಟ್ಟಿದವು. ಆದುದರಿಂದ ಕನ್ನಡಿಗರು ನಿತ್ಯ ಬಳಸುವ ನಿಧಿ, ಸಂಧಿ, ವಿಧಿಗಳು ‘ಡೂ’ವಿಗೆ ದೂರದ ಬಂಧುಗಳು. ಅದರಿಂದಾದ ‘ಡೂಮ್’ ಶಬ್ದಕ್ಕೆ ಮೊದಲು ಕಟ್ಟಳೆ, ತೀರ್ಪು ಎಂಬ ಅರ್ಥವಿದ್ದು ಅನಂತರ ದುರ್ದೈವವೆಂಬ ಅರ್ಥ ಬಂದಿತು. ‘ವಿಧಿ’ಯೂ ನಡೆದುದು ಬಹುಮಟ್ಟಿಗೆ ಇದೇ ದಾರಿಯಲ್ಲಿಯೇ. ‘ಡೂ ಯೂ ನೋ’ ಎಂಬ ಪ್ರಶ್ನೆಯಲ್ಲಾದರೋ ‘ಡೂ’ವಿಗೆ ಯಾವ ಅರ್ಥವೂ ಉಳಿದಿಲ್ಲ, ಕನ್ನಡದ ‘ಬಲ್ಲೆಯಾ’ ಎಂಬಲ್ಲಿ ಕೊನೆಯ ಆಕಾರವೊಂದೇ ಆ ಕೆಲಸವನ್ನು ಪೂರೈಸುತ್ತದೆ.

ವಿಜಯವಾಡದ ಪಟಮಟದಲ್ಲಿ ನೆಲೆಸಿದ ಕನ್ನಡಿಗನಿಗೆ ಇಂಥ ನಂಟು ಇನ್ನೂ ಹತ್ತಿರದಲ್ಲಿ, ಬೀದಿಯಲ್ಲಿಯೇ ಕೇಳಿಬರುತ್ತದೆ. ತೆಲುಗಿನ ‘ಚೇಯು’ ಅವನಿಗೆ ಪರಕೀಯವಾಗಿ ತೋರಬಹುದು. ವಾಸ್ತವವಾಗಿ ಅದು ಹಳಗನ್ನಡದ ‘ಕೆಯ್’, ‘ಗೆಯ್’ ಧಾತುವಿನ ಒಡಹುಟ್ಟು. ಇಕಾರ ಎಕಾರಗಳೊಡನೆ ಕೂಡಿದ ಮೂಲ ಕಕಾರ ಕನ್ನಡದಲ್ಲಿ ನಿಂತಿತು, ತೆಲುಗಿನಲ್ಲಿ ಚಕಾರವಾಯಿತು: ಕಿವಿ–ಚೆವಿ, ಕೆಡು–ಚೆಡು. ಬರೋ ಮತ್ತು ಎಮೆನೋ ವಿದ್ವಾಂಸರ ದ್ರಾವಿಡ ವ್ಯುತ್ಪತ್ತಿ ಕೋಶವು (1961) ಇವೆರಡನ್ನೂ ತಮಿಳಿನ ‘ಚೆಯ್’ ಸಹಿತ ಒಂದೆಡೆ ಸೇರಿಸಿದೆ.

ಹಳಗನ್ನಡ ಕವಿಗಳಿಗೆ ‘ಗೆಯ್’ ಇಲ್ಲದೆ ವಾಕ್ಯ ಸಾಗುತ್ತಿರಲಿಲ್ಲ. ಇಂದು ಅದು ಗ್ರಂಥಭಾಷೆಯಲ್ಲಿ ‘ಗೈ’ ಎಂದೂ ಮೈಸೂರು ಸೀಮೆಯ ಒಕ್ಕಲಿನ ಮಾತಿನಲ್ಲಿ ದುಡಿಮೆಯ ಅರ್ಥದ ‘ಗೇಯು’, ‘ಗೇಮೆ’ ಎಂದೂ ಉಳಿದಿದೆ. ಪಟ್ಟಣದ ಕನ್ನಡಿಗರು ಫೋನ್ ‘ಮಾಡು’ತ್ತಾರೆ, ಟೈಪ್ ‘ಮಾಡು’ತ್ತಾರೆ. ತೆಲುಗರು ಅಲ್ಲೆಲ್ಲ ‘ಚೇಯು’ ಎನ್ನುವುದರಿಂದ, ಕನ್ನಡಿಗರು ಮರೆಯುತ್ತಿರುವ ಧಾತು ಪಟಮಟದಲ್ಲಿ ದಿನವಿಡೀ ಗೇಯುತ್ತಲೇ ಇದೆ.