ಆಟದ ಕಂಪ್ಯೂಟರು, ತಂದೆಯ ಬೋನಸ್ಸು

ಆಟದ ಕಂಪ್ಯೂಟರಿನ ವಿಚಾರವನ್ನು ಈ ಪುಟದಲ್ಲಿ ಎತ್ತಿಕೊಂಡುದೇಕೆಂದು ಕೆಲವರು ಕೇಳಬಹುದು. ಭಾಂಡುಪಿನ ನಮ್ಮ ಬಾಂಧವರ ಮನೆಗಳಲ್ಲಿ ಈಗ ಇದೇ ಚರ್ಚೆ. ಮಗನಿಗೆ ಗೇಮಿಂಗ್ ಕಂಪ್ಯೂಟರು ಬೇಕು. ತಂದೆಯ ಕೈಯಲ್ಲಿರುವುದು ದೀಪಾವಳಿಯ ಬೋನಸ್ಸು ಮತ್ತು ಚೀಟಿಯ ಹಣ. ಹೋಟೆಲಿನಲ್ಲಿ ಬೆವರು ಸುರಿಸಿ ಗಳಿಸಿದ ಆ ಹಣ ಪೋಲಾಗಬಾರದೆಂಬುದೇ ನಮ್ಮ ಕಾಳಜಿ.

ಹುಡುಗರ ಕಣ್ಣು ಮೊದಲು ಬೀಳುವುದು ಗ್ರಾಫಿಕ್ಸ್ ಕಾರ್ಡಿನ ಮೇಲೆ. ಅರ್ಧಕ್ಕೂ ಮಿಕ್ಕಿ ಹಣವನ್ನು ಅದಕ್ಕೇ ಸುರಿದು, ಉಳಿದುದರಲ್ಲಿ ಅಗ್ಗದ ಎಸ್‌ಎಂಪಿಎಸ್ ಕೊಳ್ಳುತ್ತಾರೆ. ಹೋಟೆಲಿನ ಮುಂಭಾಗಕ್ಕೆ ಗಾಜು ಕೂರಿಸಿ, ಒಳಗೆ ಸೋರುವ ಗ್ಯಾಸ್ ಕೊಳವೆಯನ್ನು ಹಾಗೆಯೇ ಬಿಟ್ಟಂತಾಯಿತು ಇದು. ಎಲ್ಲ ಭಾಗಗಳಿಗೂ ವಿದ್ಯುತ್ತನ್ನು ಹದಗೊಳಿಸಿ ಕೊಡತಕ್ಕದ್ದು ಎಸ್‌ಎಂಪಿಎಸ್. ಅದು ಸುಟ್ಟರೆ ಮದರ್‌ಬೋರ್ಡನ್ನೂ ಕಾರ್ಡನ್ನೂ ಜೊತೆಗೆ ಕೊಂಡೊಯ್ಯುವುದುಂಟು. ಹೆಸರುವಾಸಿ ಕಂಪನಿಯ, 550 ವಾಟಿನ, ‘80 ಪ್ಲಸ್’ ಗುರುತಿನದನ್ನು ಆರಿಸುವುದು ಲೇಸು. ಎಳೆದ ವಿದ್ಯುತ್ತಿನಲ್ಲಿ ನೂರಕ್ಕೆ 80 ಪಾಲಾದರೂ ಒಳಗಣ ಭಾಗಗಳಿಗೆ ಸಲ್ಲುವುದೆಂಬುದು ಆ ಗುರುತಿನ ಅರ್ಥ. ಅದರೊಂದಿಗೆ ವಾರಂಟಿ ಎಷ್ಟು ವರ್ಷವೆಂಬುದನ್ನೂ ಕೇಳತಕ್ಕದ್ದು.

ಹಾಗಾದರೆ ಹಣ ಕಡಿಮೆಯಿದ್ದವರು ಮಾಡಬೇಕಾದುದೇನು? ಕಾರ್ಡನ್ನು ಮುಂದಿನ ಬೋನಸ್ಸಿಗೆ ಬಿಡುವುದೇ ಜಾಣತನವೆಂದು ನಮ್ಮ ಅಭಿಪ್ರಾಯ. 2021ರಲ್ಲಿ ಪೇಟೆಗೆ ಬಂದ ಎಎಂಡಿ ರೈಜನ್ 5 5600ಜಿಯಂತಹ ಪ್ರೊಸೆಸರಿನ ಒಳಗೇ ಗ್ರಾಫಿಕ್ಸ್ ಅಡಕವಾಗಿದೆ. ಚಿತ್ರದ ಗುಣಮಟ್ಟವನ್ನು ತುಸು ತಗ್ಗಿಸಿದರೆ ವ್ಯಾಲೊರಂಟ್, ಜಿಟಿಎ 5ರಂತಹ ಆಟಗಳು ಅದರಲ್ಲಿಯೇ ಸಾಗುತ್ತವೆ. ಮದರ್‌ಬೋರ್ಡಿನಲ್ಲಿ ಕಾರ್ಡಿನ ಸ್ಥಳ ತೆರವಾಗಿಯೇ ಇರುವುದರಿಂದ, ಹಣ ಕೂಡಿದಾಗ ಜೋಡಿಸಬಹುದು.

ರ್‍ಯಾಮನ್ನು 16 ಜಿಬಿಯ ಒಂದೇ ಸ್ಟಿಕ್ ಕೊಳ್ಳದೆ, 8 ಜಿಬಿಯ ಎರಡು ಸ್ಟಿಕ್ ಕೊಳ್ಳತಕ್ಕದ್ದು. ಒಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ. ಅದು ರ್‍ಯಾಮನ್ನೇ ಆಶ್ರಯಿಸುತ್ತದೆ. ಅಡಿಗೆಮನೆಗೆ ಎರಡು ಬಾಗಿಲಿದ್ದರೆ ಸಪ್ಲೈ ಹೇಗೆ ಚುರುಕೋ ಇದೂ ಹಾಗೆ. 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ ರ್‍ಯಾಮಿನ ಬೆಲೆ ವಿಪರೀತ ಏರಿತು. ಆದುದರಿಂದ ಹಳೆಯ ಲೆಕ್ಕವನ್ನು ನಂಬದೆ ಕೊಳ್ಳುವ ದಿನದ ದರವನ್ನೇ ವಿಚಾರಿಸಿರಿ.

ಮುಂಬಯಿಯಲ್ಲಿ ಈ ಸಾಮಾನಿನ ಪೇಟೆ ಲ್ಯಾಮಿಂಗ್ಟನ್ ರೋಡು. ಭಾಂಡುಪಿನಿಂದ ಹೊರಟವರು ದಾದರಿನಲ್ಲಿ ಪಶ್ಚಿಮ ರೈಲ್ವೆಯ ಗಾಡಿ ಹಿಡಿದು, ಗ್ರ್ಯಾಂಟ್ ರೋಡಿನಲ್ಲಿ ಇಳಿದು ಪೂರ್ವಕ್ಕೆ ನಡೆದರೆ ಸಾಕು. ಆದಿತ್ಯವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ಒಂದೇ ಪಟ್ಟಿಯನ್ನು ಮೂರು ನಾಲ್ಕು ಅಂಗಡಿಗಳಲ್ಲಿ ತೋರಿಸಿ ದರ ಬರೆಸಿಕೊಳ್ಳಿರಿ. ಬಿಲ್ಲು ಬೇಡವೆಂದರೆ ಇಷ್ಟು ಕಡಿಮೆಯೆಂಬ ಮಾತಿಗೆ ಮರುಳಾಗಬಾರದು. ಜಿಎಸ್‌ಟಿ ಬಿಲ್ಲಿಲ್ಲದೆ ವಾರಂಟಿ ಕೇಳಹೋದರೆ ಬರಿಗೈಯಲ್ಲಿ ಮರಳಬೇಕಾದೀತು.

ಸೆಕೆಂಡ್‌ಹ್ಯಾಂಡ್ ಕಾರ್ಡಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 2022ರ ಸೆಪ್ಟೆಂಬರಿನಲ್ಲಿ ಈಥೀರಿಯಮ್ ಎಂಬ ಡಿಜಿಟಲ್ ನಾಣ್ಯದ ಮೈನಿಂಗ್ ನಿಂತ ಮೇಲೆ, ಅದಕ್ಕಾಗಿ ಹಗಲಿರುಳು ದುಡಿದ ಕಾರ್ಡುಗಳು ಪೇಟೆಗೆ ಬಂದುವು. ಅರ್ಧ ಗಂಟೆ ಆಟ ನಡೆಸಿ ನೋಡದೆ ಹಣ ಎಣಿಸಬಾರದು.

ಕೊನೆಗೆ ತಂದೆಯಂದಿರಲ್ಲಿ ನಮ್ಮದೊಂದು ವಿನಂತಿ. ಇದಕ್ಕಾಗಿ ಸಾಲ ಮಾಡಬೇಡಿರಿ. ಕೈಯಲ್ಲಿರುವ ಮೊತ್ತವನ್ನು ಮುಚ್ಚುಮರೆಯಿಲ್ಲದೆ ಮಗನಿಗೆ ತಿಳಿಸಿ, ಪಟ್ಟಿಯನ್ನು ಅವನಿಂದಲೇ ಬರೆಸಿರಿ. ಯಾವ ಭಾಗಕ್ಕೆ ಎಷ್ಟು, ಏಕೆ ಎಂಬುದನ್ನು ಅವನೇ ವಿವರಿಸಲಿ. ಆ ಲೆಕ್ಕ ಸರಿಹೊಂದಿದ ದಿನ ಇಬ್ಬರೂ ಕೂಡಿಯೇ ಗಾಡಿ ಹತ್ತಿರಿ.