ನೇಗಿಲು ತಪ್ಪಿಸಿಕೊಂಡ ಹಳದಿ ಹೂ

ಅಮೆರಿಕದ ಇಲಿನಾಯ್‌ಗೆ ‘ಪ್ರೇರಿ ರಾಜ್ಯ’ ಎಂಬ ಅಡ್ಡಹೆಸರಿದೆ. ಹೆಸರು ಉಳಿದಿದೆ, ಪ್ರೇರಿ ಉಳಿದಿಲ್ಲ. ಆಳೆತ್ತರದ ಹುಲ್ಲು, ಅದರ ನಡುವೆ ನೂರಾರು ಬಗೆಯ ಹೂಗಿಡಗಳು ಬೆಳೆದಿದ್ದ ಸುಮಾರು 2.2 ಕೋಟಿ ಎಕರೆ ಬಯಲಿನಲ್ಲಿ ಇಂದು ಮೂಲರೂಪದಲ್ಲಿರುವುದು ಸಾವಿರಕ್ಕೊಂದು ಪಾಲಿಗಿಂತಲೂ ಕಡಿಮೆ. 1837ರಲ್ಲಿ ಅಲ್ಲಿನ ಗ್ರ್ಯಾಂಡ್ ಡಿಟೂರ್ ಎಂಬ ಊರಿನಲ್ಲಿ ಜಾನ್ ಡೀರ್ ಎಂಬ ಕಮ್ಮಾರ ಉಕ್ಕಿನ ನೇಗಿಲೊಂದನ್ನು ಮಾಡಿದ. ಜಿಗುಟು ಕಪ್ಪುಮಣ್ಣು ಅದಕ್ಕೆ ಅಂಟುತ್ತಿರಲಿಲ್ಲ. ಹುಲ್ಲಿನ ಬೇರುಜಾಲ ಸೀಳಿತು. ಮುಸುಕಿನ ಜೋಳ ಬಂತು, ಹೂಗಳು ಹೋದವು. ಉಳಿದದ್ದು ನೇಗಿಲು ಹೋಗದ ಕಡೆ: ರೈಲುಹಳಿಗಳ ಅಂಚಿನಲ್ಲಿ, ಹಳೆಯ ಸ್ಮಶಾನಗಳಲ್ಲಿ.

ಹೀಗೆ ಉಳಿದುಕೊಂಡವುಗಳಲ್ಲಿ ಹಳದಿ ಕೋನ್‌ಫ್ಲವರ್ ಒಂದು. ನಮ್ಮ ಹುಚ್ಚೆಳ್ಳು, ಸೇವಂತಿಗೆಗಳ ಕುಟುಂಬದ್ದೇ. ಈ ಹೆಸರಿನಲ್ಲಿ ಎರಡು ಗಿಡಗಳಿವೆ. ರಾಟಿಬಿಡಾ ಪಿನ್ನಾಟ ಬಯಲಿನದು. ಮೂರರಿಂದ ಐದು ಅಡಿ ಎತ್ತರ, ಲಂಗದ ನೆರಿಗೆಯಂತೆ ಇಳಿಬಿದ್ದ ಎಸಳು, ನಡುವೆ ಬೂದುಬಣ್ಣದ ದಿಂಡು. ದಿಂಡನ್ನು ಹಿಸುಕಿದರೆ ಸೋಂಪಿನ ವಾಸನೆ! ಇನ್ನೊಂದು ಎಕಿನೇಶಿಯ ಪ್ಯಾರಡಾಕ್ಸ, ಮಿಸೌರಿ ಮತ್ತು ಅರ್ಕನ್ಸಾಸ್‌ನ ಓಝಾರ್ಕ್ ಗುಡ್ಡಗಳದು. ಬಳಗವೆಲ್ಲ ನೇರಳೆ ಛಾಯೆಯಲ್ಲಿರುವಾಗ ಇದೊಂದು ಹಳದಿ. ಆದ್ದರಿಂದಲೇ ‘ವಿರೋಧಾಭಾಸ’ದ ಹೆಸರು.

ಇವನ್ನು ಮನೆಯಂಗಳದಲ್ಲಿ ಬೆಳೆಸುವವರು ಅಲ್ಲೀಗ ಬಹಳ. ಬೀಜವನ್ನು ಹಿಮ ಬೀಳುವ ಮುನ್ನ, ಶರತ್ಕಾಲದ ಕೊನೆಯಲ್ಲಿ ಚೆಲ್ಲುತ್ತಾರೆ. ತಣ್ಣನೆಯ ತೇವದಲ್ಲಿ ಕೆಲವು ವಾರ ಕಳೆಯದೆ ಬೀಜ ಸರಿಯಾಗಿ ಮೊಳೆಯದು. ಮೊದಲ ವರ್ಷ ನೆಲದ ಮೇಲೆ ನಾಲ್ಕು ಎಲೆ ಕಂಡರೆ ಹೆಚ್ಚು, ಶ್ರಮವೆಲ್ಲ ಬೇರಿಗೆ. ಹೂವು ಎರಡನೆಯ ಅಥವಾ ಮೂರನೆಯ ವರ್ಷಕ್ಕೆ. ಅವಸರದವರು ಕಳೆಯೆಂದು ಕಿತ್ತೆಸೆಯುವುದೂ ಉಂಟು. ಗೊಬ್ಬರದ ಉಪಚಾರವೂ ಬೇಡ. ಕೊಬ್ಬಿದ ಗಿಡ ಬುಡ ನಿಲ್ಲದೆ ವಾಲುತ್ತದೆ. ಓಝಾರ್ಕ್‌ನ ಗಿಡಕ್ಕಂತೂ ನೀರು ನಿಲ್ಲದ ಕಲ್ಲುನೆಲವೇ ಇಷ್ಟ. ಅದರ ತಾಯಿಬೇರು ಆಳಕ್ಕಿಳಿಯುವುದರಿಂದ ಬೆಳೆದ ಗಿಡವನ್ನು ಕಿತ್ತು ನೆಟ್ಟರೆ ಬದುಕುವುದು ಕಷ್ಟ.

ಇಲ್ಲೇ ಒಂದು ತೊಡಕು. ಎಕಿನೇಶಿಯ ಬೇರಿಗೆ ಔಷಧದ ಮಾರುಕಟ್ಟೆಯಿದೆ, ಬಯಲಿನಿಂದಲೇ ಅಗೆದೊಯ್ಯುವವರಿದ್ದಾರೆ. ಇತ್ತ ನರ್ಸರಿಗಳು ಈ ಹಳದಿಯನ್ನು ನೇರಳೆಯೊಡನೆ ಬೆರೆಸಿ ಕಿತ್ತಳೆ, ಕೆಂಪು ತಳಿಗಳನ್ನು ತಂದಿವೆ. ನೋಡಲು ಚೆಂದವೇ. ಆದರೆ ಎಸಳಿನ ಮೇಲೆ ಎಸಳು ತುಂಬಿದ ತಳಿಗಳಲ್ಲಿ ಜೇನ್ನೊಣಕ್ಕೆ ಸಿಗುವುದು ಕಡಿಮೆ. ಆಸುಪಾಸಿನ ಬಯಲಿನ ಬೀಜದಿಂದ ನರ್ಸರಿಯಲ್ಲಿ ಎಬ್ಬಿಸಿದ ಮೂಲ ಗಿಡವನ್ನೇ ಕೊಳ್ಳುವುದು ಮೇಲು. ಹೂ ಒಣಗಿದ ಮೇಲೂ ಕಾಂಡ ಕತ್ತರಿಸದೆ ಚಳಿಗಾಲಕ್ಕೆ ಬಿಟ್ಟರೆ ಗೋಲ್ಡ್‌ಫಿಂಚ್ ಹಕ್ಕಿಗಳು ದಿಂಡಿನ ಮೇಲೆ ಕುಳಿತು ಬೀಜ ಹೆಕ್ಕುತ್ತವೆ; ಅವು ಉದುರಿಸಿದ್ದರಲ್ಲಿ ಕೆಲವು ವಸಂತದಲ್ಲಿ ಅಲ್ಲೇ ಮೊಳೆಯುತ್ತವೆ.